ಮೈಸೂರಿನ ಒಂದು ಚಿತ್ರಬಳಗ: ಸಿನಿಮಾಕ್ಕಿಂತ ಆಮೇಲಿನ ಮಾತಿಗಾಗಿ ಹೋಗಬೇಕಾದ ಜಾಗ

ಮೈಸೂರಿನ ಕುವೆಂಪುನಗರದ ಕಡೆ, ಖಾಸಗಿ ವಾಚನಾಲಯವೊಂದರ ಮಹಡಿಯ ಸಭಾಂಗಣದಲ್ಲಿ ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ಹೊರದೇಶದ ಒಂದು ಸಿನಿಮಾ ತೋರಿಸಿ, ಕಾಫಿ ಕೊಟ್ಟು, ಆಮೇಲೆ ಅದರ ಮೇಲೆ ಸಾವಕಾಶವಾಗಿ ಮಾತುಕತೆ ನಡೆಸುವ ಚಿತ್ರಬಳಗವೊಂದಿದೆ. ಅಲ್ಲಿ ಹಾಕಬಹುದಾದ ಐವತ್ತು ಚಿಲ್ಲರೆ ಕುರ್ಚಿಗಳು ಈಗಾಗಲೇ ತುಂಬುತ್ತಿರುವುದರಿಂದ ಸದ್ಯಕ್ಕೆ ಪ್ರಚಾರ ಬೇಡವೆಂದು ನಡೆಸುವವರು ಕೇಳಿಕೊಂಡಿದ್ದಾರೆ. ಹಾಗಾಗಿ ಬಳಗದ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಆದರೂ ವಿಮರ್ಶೆ ಬರೆಯುವುದಕ್ಕೆ ಕಾರಣವಿದೆ. ಇಂಥ ಬಳಗಗಳು ಕರ್ನಾಟಕದ ಬೇರೆ ಊರುಗಳಲ್ಲಿಯೂ ಇವೆ, ಹೊಸದಾಗಿ ಹುಟ್ಟುತ್ತಲೂ ಇವೆ. ‘ಸಿನಿಮಾದ ಮೂಲಕ ಬೇರೆ ಸಂಸ್ಕೃತಿಗಳನ್ನು ಅರಿಯೋಣ’ ಎಂಬ ಸಾಲು ಹೆಚ್ಚುಕಡಿಮೆ ಎಲ್ಲರ ಆಹ್ವಾನಪತ್ರಿಕೆಯಲ್ಲಿಯೂ ಇರುತ್ತದೆ. ಆ ಮಾತನ್ನು ನಿಜವಾಗಿ ಉಳಿಸಿಕೊಳ್ಳುವ ಬಳಗ ಯಾವುದು, ಬರೀ ಪುಕ್ಕಟೆ ಸಿನಿಮಾ ತೋರಿಸಿ ಕಳಿಸುವ ಬಳಗ ಯಾವುದು ಎಂಬುದನ್ನು ಗುರುತಿಸುವುದಕ್ಕೆ ಇಲ್ಲಿನ ಕ್ರಮ ಒಂದು ಒಳ್ಳೆಯ ಅಳತೆಗೋಲಾಗಬಲ್ಲದು.

ಏರ್ಪಾಡಿನ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಮೂರು ಗಂಟೆಗೆ ಸರಿಯಾಗಿ ಬಾಗಿಲು ಹಾಕುತ್ತಾರೆ. ಒಳಗೆ ಹೋಗುವಾಗ ಕನ್ನಡದಲ್ಲಿ ಬರೆದ ಒಂದು ಹಾಳೆಯ ಟಿಪ್ಪಣಿ ಕೈಗೆ ಸಿಗುತ್ತದೆ. ಅದರಲ್ಲಿ ಕಥಾಸಾರಾಂಶ ಇರುವುದಿಲ್ಲವೆಂಬುದೇ ಮೊದಲ ಒಳ್ಳೆಯ ಲಕ್ಷಣ. ಬದಲಿಗೆ ಚಿತ್ರ ತಯಾರಾದ ಕಾಲದಲ್ಲಿ ಆ ದೇಶದಲ್ಲಿ ಏನು ನಡೆಯುತ್ತಿತ್ತು, ಪಾತ್ರಗಳ ಹೆಸರೇನು, ಯಾರು ಯಾರಿಗೆ ಏನಾಗಬೇಕು ಎಂಬಷ್ಟನ್ನು ಕೊಟ್ಟಿರುತ್ತಾರೆ. ಇರಾನಿನ ಅಥವಾ ಜಪಾನಿನ ಹೆಸರುಗಳು ಕಿವಿಗೆ ಹೊಸವಾದಾಗ ಮೊದಲ ಅರ್ಧಗಂಟೆ ಯಾರು ಮಗ, ಯಾರು ಅಳಿಯ ಎಂದು ತಡಕಾಡುವುದರಲ್ಲೇ ಕಳೆದುಹೋಗುತ್ತದೆಂಬುದು ಗೊತ್ತಿದ್ದವರು ಮಾತ್ರ ಇಂಥ ಹಾಳೆ ಬರೆಯಬಲ್ಲರು. ಸಂವಾದವನ್ನು ನಡೆಸುವವರು ನಿವೃತ್ತ ಅಧ್ಯಾಪಕಿಯೊಬ್ಬರು. ಎಲ್ಲರೂ ಅವರನ್ನು ಮೇಡಂ ಎಂದೇ ಕರೆಯುತ್ತಾರೆ.

ಈ ಬಳಗದ ನಿಜವಾದ ವಿಶೇಷ ಚಿತ್ರಗಳನ್ನು ಜೋಡಿಸುವ ರೀತಿಯಲ್ಲಿದೆ. ಒಂದು ದೇಶದಿಂದ ಒಂದೇ ಚಿತ್ರವನ್ನು ತಂದು ತೋರಿಸಿ ಮುಂದಿನ ದೇಶಕ್ಕೆ ಜಿಗಿಯುವುದಿಲ್ಲ. ಒಂದರ ಹಿಂದೆ ಒಂದರಂತೆ ಎರಡು ತಿಂಗಳು ಅದೇ ದೇಶದ, ಅಥವಾ ಅದೇ ನಿರ್ದೇಶಕರ, ಆದರೆ ಒಂದಕ್ಕೊಂದು ಒಗ್ಗದ ಎರಡು ಚಿತ್ರಗಳನ್ನು ಇಡುತ್ತಾರೆ. ಮೊದಲ ಚಿತ್ರದಿಂದ ನಾವು ಕಟ್ಟಿಕೊಂಡ ಕಲ್ಪನೆಯನ್ನು ಎರಡನೆಯದು ಬಂದು ಕದಡಬೇಕು ಎಂಬುದು ಅವರ ಲೆಕ್ಕಾಚಾರ. ಇರಾನಿಗೆ ಅವರು ಆರಿಸಿದ್ದು ಅಬ್ಬಾಸ್ ಕಿಯಾರೊಸ್ತಮಿಯವರ 1987ರ ‘ವೇರ್ ಈಸ್ ದಿ ಫ್ರೆಂಡ್ಸ್ ಹೌಸ್?’ ಮತ್ತು ಅಸ್ಗರ್ ಫರ್ಹಾದಿಯವರ 2011ರ ‘ಎ ಸೆಪರೇಶನ್’.

ಮೊದಲನೆಯದರ ಕಥೆ ಒಂದೇ ಸಾಲಿನದು. ಕೋಕೆರ್ ಎಂಬ ಹಳ್ಳಿಯ ಹುಡುಗ ಅಹ್ಮದ್ ತಪ್ಪಿ ಗೆಳೆಯನ ನೋಟುಪುಸ್ತಕವನ್ನು ಮನೆಗೆ ತಂದುಬಿಟ್ಟಿದ್ದಾನೆ. ನಾಳೆಯೂ ಹೋಂವರ್ಕನ್ನು ಪುಸ್ತಕದಲ್ಲಿ ಬರೆದು ತರದಿದ್ದರೆ ಗೆಳೆಯನನ್ನು ಶಾಲೆಯಿಂದ ಹೊರಹಾಕುವುದಾಗಿ ಮೇಷ್ಟ್ರು ಹೇಳಿದ್ದಾರೆ. ಪುಸ್ತಕ ಹಿಂದಿರುಗಿಸಲು ಹುಡುಗ ಪಕ್ಕದ ಪೋಷ್ತೆಹ್ ಹಳ್ಳಿಗೆ ಓಡುತ್ತಾನೆ. ಚಿತ್ರ ಮುಗಿದು ದೀಪ ಹತ್ತಿದ ಕೂಡಲೇ ಸಭೆಯಲ್ಲಿ ಎದ್ದ ಮೊದಲ ಮಾತು, ನಿರೀಕ್ಷಿಸಬಹುದಾದಂತೆ, “ಇದು ನಮ್ಮ ಹಳ್ಳಿಯೇ, ಏನೂ ವ್ಯತ್ಯಾಸವಿಲ್ಲ” ಎಂಬುದು. ತಾಯಿ ಬಟ್ಟೆ ಒಗೆಯುತ್ತಾ ಮಗನ ಮಾತನ್ನು ಕಿವಿಗೇ ಹಾಕಿಕೊಳ್ಳದಿರುವುದು, ಜಗುಲಿಯ ಮೇಲೆ ಕುಳಿತ ಮುದುಕರು ಹೋಗುವ ಬರುವ ಹುಡುಗರಿಗೆ ಕೆಲಸ ಹೇಳುವುದು, ಎಲ್ಲವೂ ಕಂಡದ್ದೇ ಎಂದು ನಾಲ್ಕಾರು ಮಂದಿ ತಲೆದೂಗಿದರು. ಅಲ್ಲಿಗೇ ಬಿಟ್ಟಿದ್ದರೆ ಎಲ್ಲರೂ ಸಂತೋಷವಾಗಿ ಮನೆಗೆ ಹೋಗುತ್ತಿದ್ದರು, ಇರಾನಿನ ಬಗ್ಗೆ ಏನನ್ನೂ ತಿಳಿಯದೆ. ಮೇಡಂ ಆ ಮಾತನ್ನು ಅಲ್ಲಗಳೆಯಲಿಲ್ಲ. ನಿಮ್ಮ ಹಳ್ಳಿಯಲ್ಲಿ ಕಾಣದಿರುವುದೇನನ್ನು ನೋಡಿದಿರಿ, ಒಂದೊಂದು ಹೇಳಿ ಎಂದು ಕೇಳಿದರು. ಒಂದಷ್ಟು ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬೊಬ್ಬರೇ ಬಾಯಿಬಿಟ್ಟರು. ಹಳೆಯ ಮರದ ಬಾಗಿಲುಗಳನ್ನು ಕಿತ್ತು ಕಬ್ಬಿಣದ ಬಾಗಿಲು ಮಾರುವವನೊಬ್ಬ, ಆ ಮರದ ಬಾಗಿಲುಗಳನ್ನು ಒಂದು ಕಾಲದಲ್ಲಿ ತಾನೇ ಮಾಡಿದ್ದೆನೆಂದು ಹೇಳುತ್ತಾ ಕತ್ತಲಲ್ಲಿ ಹುಡುಗನ ಜೊತೆ ನಿಧಾನವಾಗಿ ನಡೆಯುವ ಮುದುಕ, ತನ್ನ ಹತ್ತಿರ ಸಿಗರೇಟು ಇದ್ದರೂ ಹುಡುಗನಿಗೆ ಹೇಳಿದ್ದು ಕೇಳುವ ಅಭ್ಯಾಸವಾಗಲೆಂದೇ ಅದನ್ನು ತರಲು ಕಳಿಸುವ ಅಜ್ಜ. ಅದೇ ಅಜ್ಜ, ತನ್ನ ತಂದೆ ವಾರಕ್ಕೊಮ್ಮೆ ಕಾಸು ಕೊಡುವುದನ್ನು ಮರೆತರೂ ಹದಿನೈದು ದಿನಕ್ಕೊಮ್ಮೆ ಹೊಡೆಯುವುದನ್ನು ಮರೆಯುತ್ತಿರಲಿಲ್ಲ ಎಂದು ಅಭಿಮಾನದಿಂದ ಹೇಳಿಕೊಳ್ಳುತ್ತಾನೆ. ಮಕ್ಕಳಿಗೆ ಶಿಸ್ತು ಕಲಿಸುವುದರ ಬಗ್ಗೆ ಹಿರಿಯರು ನಡೆಸುವ ಈ ವಾದವನ್ನು ಚಿತ್ರ ಎಲ್ಲಿಯೂ ಖಂಡಿಸುವುದಿಲ್ಲ, ಕೇಳಿಸುತ್ತದೆ ಅಷ್ಟೆ. ಮಕ್ಕಳ ಹಾಗೂ ಎಳೆಯರ ಬೌದ್ಧಿಕ ವಿಕಾಸಕ್ಕಾಗಿ 1960ರ ದಶಕದಲ್ಲಿ ಇರಾನಿನಲ್ಲಿ ಸ್ಥಾಪನೆಯಾದ ‘ಕಾನೂನ್’ ಎಂಬ ಸಂಸ್ಥೆ ಈ ಚಿತ್ರವನ್ನು ನಿರ್ಮಿಸಿತ್ತೆಂಬುದನ್ನು ಟಿಪ್ಪಣಿಯಲ್ಲಿ ಓದಿಕೊಂಡಿದ್ದವರಿಗೆ ಅಜ್ಜನ ಆ ಮಾತಿನ ತೂಕ ಬೇರೆಯೇ ಆಗಿ ಕಂಡಿತು.

ಅಂದು ಕೊನೆಯಲ್ಲಿ ಹೊರಬಿದ್ದ ಒಂದು ಸಂಗತಿಯನ್ನು ಹೇಳಲೇಬೇಕು. ಒಂಟಿ ಮರವಿರುವ ಗುಡ್ಡದ ಮೇಲೆ ಹುಡುಗ ಓಡುವ ಅಂಕುಡೊಂಕಾದ ಕಾಲುಹಾದಿ ಎಲ್ಲರಿಗೂ ಇಷ್ಟವಾಗಿತ್ತು. ಅದನ್ನು ಇರಾನಿನ ಹಳ್ಳಿಯ ಸಹಜ ಚಿತ್ರವೆಂದು ಹೊಗಳಿದವರೂ ಇದ್ದರು. ಆ ಹಾದಿಯನ್ನು ಕಿಯಾರೊಸ್ತಮಿಯವರು ಚಿತ್ರಕ್ಕೆಂದೇ ಮಾಡಿಸಿದ್ದರು ಎಂದು ಮೇಡಂ ತಿಳಿಸಿದಾಗ ಸಭೆಯಲ್ಲಿ ಸ್ವಲ್ಪ ಪೆಚ್ಚುತನ ಮೂಡಿದ್ದು ನಿಜ. ಇನ್ನೊಂದು ದೇಶವನ್ನು ಸಿನಿಮಾದಲ್ಲಿ ನೋಡುವಾಗ ನಾವು ನೋಡುತ್ತಿರುವುದು ಒಬ್ಬ ಕಲಾವಿದ ಆರಿಸಿ, ತಿದ್ದಿ, ಕಟ್ಟಿದ್ದನ್ನು ಎಂಬ ಅರಿವು ಇಷ್ಟು ಅಗ್ಗವಾಗಿ ಬೇರೆಲ್ಲೂ ಸಿಗಲಾರದು.

ಮರುತಿಂಗಳ ‘ಎ ಸೆಪರೇಶನ್’ ಈ ಹಳ್ಳಿಯ ಇರಾನನ್ನು ಪೂರಾ ಒರೆಸಿಹಾಕಿತು. ಇಲ್ಲಿರುವುದು ಟೆಹರಾನಿನ ಅಪಾರ್ಟ್‌ಮೆಂಟು, ಕಾರು, ಮಗಳ ಪರೀಕ್ಷೆ, ದೇಶ ಬಿಟ್ಟು ಹೋಗಬೇಕೆನ್ನುವ ಹೆಂಡತಿ, ಮರೆವಿನ ಕಾಯಿಲೆಯ ತಂದೆಯನ್ನು ಬಿಟ್ಟು ಬರಲಾರೆನೆನ್ನುವ ಗಂಡ. ಆ ತಂದೆಯನ್ನು ನೋಡಿಕೊಳ್ಳಲು ಬಡ ಮನೆತನದ ರಜಿಯೆ ಎಂಬ ಗರ್ಭಿಣಿ ಕೆಲಸಕ್ಕೆ ಸೇರುತ್ತಾಳೆ. ಮುದುಕರು ಬಟ್ಟೆಯಲ್ಲೇ ಮೂತ್ರ ಮಾಡಿಕೊಂಡಾಗ ಅವಳು ತಕ್ಷಣ ಮುಟ್ಟುವುದಿಲ್ಲ. ಫೋನ್ ಮಾಡಿ, ಪರಪುರುಷನ ಬಟ್ಟೆ ಬದಲಾಯಿಸಿದರೆ ಅದು ಪಾಪವಾಗುತ್ತದೆಯೇ ಎಂದು ಧರ್ಮ ಬಲ್ಲವರನ್ನು ಕೇಳುತ್ತಾಳೆ. ಪರದೆಯ ಮೇಲೆ ಈ ದೃಶ್ಯ ಬಂದಾಗ ಸಭೆಯ ಒಂದು ಮೂಲೆಯಿಂದ ನಗು ಕೇಳಿಬಂದಿತ್ತು. ಸಂವಾದ ಶುರುವಾದದ್ದೇ ಆ ನಗುವಿನಿಂದ. ನಕ್ಕವರನ್ನು ಯಾರೂ ಗದರಲಿಲ್ಲ. ಏಕೆ ನಗು ಬಂತೆಂದು ಕೇಳಿದರು, ಅಷ್ಟೆ. ಶಿಯಾ ಮುಸ್ಲಿಮರಲ್ಲಿ ಸಾಮಾನ್ಯ ಭಕ್ತರು ತಾವು ನಂಬಿದ ಹಿರಿಯ ಧರ್ಮವಿದ್ವಾಂಸರ ತೀರ್ಪನ್ನು ನಿತ್ಯಜೀವನದ ಪ್ರಶ್ನೆಗಳಿಗೆ ಅನುಸರಿಸುವ ಪದ್ಧತಿಯಿದೆ, ದೂರವಾಣಿಯಲ್ಲಿ ಕೇಳುವುದು ಅದರದೇ ಮುಂದುವರಿಕೆ ಎಂಬುದನ್ನು ಸದಸ್ಯರೊಬ್ಬರು ವಿವರಿಸಿದರು. ಅವರು ಸ್ವತಃ ಸುನ್ನಿ ಮನೆತನದವರು. ನಮ್ಮಲ್ಲಿ ಇದು ಇದೇ ರೂಪದಲ್ಲಿಲ್ಲ ಎಂದು ಸೇರಿಸಲು ಮರೆಯಲಿಲ್ಲ. ಅಲ್ಲಿಂದ ಮಾತು ಚಿತ್ರದ ಕೊನೆಯ ಭಾಗಕ್ಕೆ ಹೋಯಿತು. ಮನೆಯ ಯಜಮಾನ ತಳ್ಳಿದ್ದರಿಂದಲೇ ಆಯಿತೆನ್ನಲಾದ ಗರ್ಭಪಾತಕ್ಕೆ ಪರಿಹಾರದ ಹಣ ಇನ್ನೇನು ಕೈಗೆ ಬರುವುದರಲ್ಲಿದ್ದಾಗ, ಸಾಲ ಕೊಟ್ಟವರು ಎದುರಿಗೆ ಕುಳಿತಿರುವಾಗ, ತನಗೆ ಖಚಿತವಿಲ್ಲದ ಸಂಗತಿಯ ಮೇಲೆ ಕುರಾನ್ ಮುಟ್ಟಿ ಪ್ರಮಾಣ ಮಾಡಲು ರಜಿಯೆ ಒಪ್ಪುವುದಿಲ್ಲ. ಫೋನಿನ ದೃಶ್ಯದಲ್ಲಿ ನಕ್ಕಿದ್ದವರಿಗೆ ಇಡೀ ಕಥೆಯ ಗಂಟು ಆ ಫೋನಿನಲ್ಲೇ ಇತ್ತೆಂಬುದು ಆಗ ಹೊಳೆಯಿತು. ಒಬ್ಬನೇ ಮನೆಯಲ್ಲಿ ಕುಳಿತು ನೋಡಿದ್ದರೆ ಅದು ಒಂದು ವಿಚಿತ್ರ ವಿವರವಾಗಿ ಹಾದುಹೋಗುತ್ತಿತ್ತು.

ಜಪಾನಿನ ಜೋಡಿ ಇನ್ನೂ ಚೆನ್ನಾಗಿತ್ತೆಂದು ನನ್ನ ಅಭಿಪ್ರಾಯ. ಯಾಸುಜಿರೊ ಓಜು ಅವರ 1953ರ ‘ಟೋಕಿಯೊ ಸ್ಟೋರಿ’ಯಲ್ಲಿ ಒನೊಮಿಚಿ ಎಂಬ ಬಂದರು ಊರಿನ ವೃದ್ಧ ದಂಪತಿ ಟೋಕಿಯೊದಲ್ಲಿರುವ ಮಕ್ಕಳನ್ನು ನೋಡಲು ಬರುತ್ತಾರೆ. ಡಾಕ್ಟರಾಗಿರುವ ಮಗನಿಗೂ ಬ್ಯೂಟಿ ಪಾರ್ಲರ್ ನಡೆಸುವ ಮಗಳಿಗೂ ಪುರುಸೊತ್ತಿಲ್ಲ. ಯುದ್ಧದಲ್ಲಿ ಸತ್ತ ಇನ್ನೊಬ್ಬ ಮಗನ ಹೆಂಡತಿ ನೊರಿಕೊ ಮಾತ್ರ ಅವರನ್ನು ಆದರಿಸುತ್ತಾಳೆ. ಹೆತ್ತವರನ್ನು ಮಕ್ಕಳು ನೋಡಿಕೊಳ್ಳದ ಕಥೆ ಕನ್ನಡದ ಪ್ರೇಕ್ಷಕರಿಗೆ ಎಷ್ಟು ಪರಿಚಿತವೆಂದರೆ ಸಂವಾದ ಹತ್ತು ನಿಮಿಷದಲ್ಲಿ ವೃದ್ಧಾಶ್ರಮಗಳ ಕಡೆ, ಅಮೆರಿಕದಲ್ಲಿ ನೆಲೆಸಿದ ಮಕ್ಕಳ ಕಡೆ ಹೊರಳಿ, ಜಪಾನು ಎಲ್ಲಿಯೂ ಕಾಣದಂತಾಯಿತು. ಆಗ ಮೇಡಂ ಇಟ್ಟ ಪ್ರಶ್ನೆ ಬಹಳ ಸರಳವಾಗಿತ್ತು: “ಆ ತಂದೆ ತಾಯಿ ಮಕ್ಕಳನ್ನು ಒಮ್ಮೆಯಾದರೂ ಬೈದರೇ?” ಬೈದಿರಲಿಲ್ಲ. ನಮ್ಮ ಮಕ್ಕಳು ಎಷ್ಟೋ ಜನರ ಮಕ್ಕಳಿಗಿಂತ ವಾಸಿ, ನಾವು ಅದೃಷ್ಟವಂತರು ಎಂದೇ ಅವರಿಬ್ಬರೂ ಪರಸ್ಪರ ಹೇಳಿಕೊಳ್ಳುತ್ತಾರೆ. ನಮ್ಮ ಸಿನಿಮಾದಲ್ಲಾಗಿದ್ದರೆ ಈ ಹೊತ್ತಿಗೆ ಒಂದು ಹಾಡು, ಒಂದು ಶಾಪ, ಕೊನೆಗೊಂದು ಪಶ್ಚಾತ್ತಾಪ ಬಂದಿರುತ್ತಿತ್ತು ಎಂದು ಯಾರೋ ಅಂದದ್ದಕ್ಕೆ ಎಲ್ಲರೂ ನಕ್ಕರು. ಆದರೆ ಆ ನಗುವಿನ ಹಿಂದೆಯೇ ಕೆಲಸಕ್ಕೆ ಬರುವ ಮಾತು ಬಂತು. ಮನೆತನದ ಯಜಮಾನಿಕೆ, ಆಸ್ತಿ, ಹೆತ್ತವರ ಹೊಣೆ ಇವೆಲ್ಲವನ್ನೂ ಹಿರಿಯ ಮಗನಿಗೆ ಕಟ್ಟಿದ್ದ ಹಳೆಯ ಕುಟುಂಬ ಪದ್ಧತಿಯನ್ನು ಜಪಾನು 1947ರಲ್ಲಿ ತನ್ನ ಸಿವಿಲ್ ಸಂಹಿತೆಯನ್ನು ತಿದ್ದಿ ರದ್ದುಪಡಿಸಿತ್ತು. ಚಿತ್ರ ತೆರೆಕಂಡಾಗ ಹೊಸ ಕಾನೂನು ಜಾರಿಗೆ ಬಂದು ಐದಾರು ವರ್ಷ ಮಾತ್ರ ಆಗಿತ್ತು, ಅಮೆರಿಕದ ಸೇನಾಡಳಿತ ಮುಗಿದು ಒಂದೂವರೆ ವರ್ಷವಾಗಿತ್ತು. ಮಕ್ಕಳು ಕೆಟ್ಟವರೆಂಬುದು ಇಲ್ಲಿನ ವಿಷಯವಲ್ಲ, ಯಾರು ಯಾರಿಗೆ ಏನನ್ನು ಸಲ್ಲಿಸಬೇಕೆಂಬ ಕಟ್ಟಳೆಯೇ ಅವರ ಕಾಲಕೆಳಗೆ ಬದಲಾಗುತ್ತಿತ್ತು ಎಂಬುದನ್ನು ಕೇಳಿದ ಮೇಲೆ, ಮಾವ ತನ್ನ ವಿಧವೆ ಸೊಸೆಗೆ ಮರುಮದುವೆಯಾಗೆಂದು ತಾನಾಗಿ ಹೇಳುವ ದೃಶ್ಯವನ್ನು ಅಲ್ಲಿದ್ದ ಹಿರಿಯ ಹೆಂಗಸರು ಮತ್ತೆ ಎತ್ತಿಕೊಂಡು ಬಹಳ ಹೊತ್ತು ಮಾತಾಡಿದರು.

ಎರಡನೆಯ ಚಿತ್ರ ಹಿರೊಕಾಜು ಕೊರೆಯೆಡಾ ಅವರ 2008ರ ‘ಸ್ಟಿಲ್ ವಾಕಿಂಗ್’. ಓಜು ಅವರ ಚಿತ್ರ ನೋಡಿ ಜಪಾನಿಯರು ಎಷ್ಟು ಸಹನಶೀಲರು ಎಂದು ಮೆಚ್ಚಿಕೊಂಡು ಹೋಗಿದ್ದವರಿಗೆ ಇದು ತಕ್ಕ ಮದ್ದು. ಮುಳುಗುತ್ತಿದ್ದ ಹುಡುಗನನ್ನು ಉಳಿಸಲು ಹೋಗಿ ಸತ್ತ ಹಿರಿಮಗನ ನೆನಪಿಗೆ ಪ್ರತಿವರ್ಷ ಮನೆಮಂದಿ ಸೇರುತ್ತಾರೆ. ಬದುಕಿಕೊಂಡ ಹುಡುಗನನ್ನೂ ತಾಯಿ ತಪ್ಪದೆ ಕರೆಯುತ್ತಾಳೆ. ಇನ್ನು ಅವನನ್ನು ಬಿಟ್ಟುಬಿಡಬಾರದೇ ಎಂದು ಎರಡನೆಯ ಮಗ ಕೇಳಿದಾಗ ಅವಳು ಕೈಯಲ್ಲಿದ್ದ ಕ್ರೋಶೆ ಹೆಣಿಗೆಯನ್ನು ನಿಲ್ಲಿಸದೆ, ದನಿ ಏರಿಸದೆ, ಅವನು ವರ್ಷಕ್ಕೊಂದು ದಿನವಾದರೂ ಸಂಕಟಪಡಲೆಂದೇ ಕರೆಯುವುದಾಗಿ ಹೇಳುತ್ತಾಳೆ. ಹೊರಗಿನ ಮರ್ಯಾದೆಯನ್ನು ಒಳಗಿನ ಮೃದುತನವೆಂದು ಓದಿಕೊಳ್ಳಬಾರದೆಂಬುದನ್ನು ಈ ಒಂದು ದೃಶ್ಯ ತಿಳಿಸಿದಷ್ಟು ಯಾವ ಭಾಷಣವೂ ತಿಳಿಸಲಾರದು.

‘ನಮ್ಮ ಹಾಗೆಯೇ’ ಎನ್ನುವುದು ಒಂದು ಬಗೆಯ ಸೋಮಾರಿತನವಾದರೆ ‘ಎಂಥ ಅನಾಗರಿಕರು’ ಎನ್ನುವುದು ಇನ್ನೊಂದು ಬಗೆಯದು. ಸೆನೆಗಲ್ಲಿನ ಉಸ್ಮಾನ್ ಸೆಂಬೆನ್ ಅವರ 2004ರ ‘ಮೂಲಾದೆ’ ತೋರಿಸಿದ ದಿನ ಎರಡನೆಯದು ಮೇಲುಗೈಯಾಗುವ ಲಕ್ಷಣಗಳಿದ್ದವು. ಬುರ್ಕಿನಾ ಫಾಸೊದ ಹಳ್ಳಿಯೊಂದರಲ್ಲಿ ಹೆಣ್ಣುಮಕ್ಕಳ ಜನನಾಂಗ ಛೇದನದ ಆಚರಣೆಗೆ ಹೆದರಿ ಓಡಿಬಂದ ನಾಲ್ವರು ಬಾಲಕಿಯರಿಗೆ ಕೊಲ್ಲೆ ಎಂಬ ಹೆಂಗಸು ಆಶ್ರಯ ಕೊಡುತ್ತಾಳೆ. ಅವಳು ಮಾಡುವುದಿಷ್ಟೇ: ಮನೆಯ ಅಂಗಳದ ಬಾಗಿಲಿಗೆ ಅಡ್ಡವಾಗಿ ಬಣ್ಣದ ದಾರವೊಂದನ್ನು ಕಟ್ಟುತ್ತಾಳೆ. ಮಾತಿನ ಕ್ರಮವನ್ನು ಮೇಡಂ ಅಂದು ಬದಲಿಸಿ, ಮೊದಲ ಅರ್ಧಗಂಟೆ ಹೆಂಗಸರು ಮಾತ್ರ ಮಾತಾಡಲಿ ಎಂದರು; ಗಂಡಸರಿಗೆ ಇದು ಅಷ್ಟೇನೂ ರುಚಿಸಲಿಲ್ಲ, ಆದರೆ ಒಳ್ಳೆಯದಾಯಿತು. ಕಾಲೇಜಿನ ಹುಡುಗಿಯೊಬ್ಬಳು ಆ ದಾರದ ಬಗ್ಗೆ ಕೇಳಿದ ಪ್ರಶ್ನೆ ಇಡೀ ಸಂವಾದಕ್ಕೆ ದಾರಿ ಹಾಕಿತು. ಅಷ್ಟು ದೊಡ್ಡ ದೊಡ್ಡ ಗಂಡಸರು, ಊರ ಹಿರಿಯರು, ಆಚರಣೆ ನಡೆಸುವ ಕೆಂಪು ಬಟ್ಟೆಯ ಹೆಂಗಸರು, ಯಾರೂ ಆ ದಾರವನ್ನು ದಾಟುವುದಿಲ್ಲ ಏಕೆ? ಏಕೆಂದರೆ ಶರಣು ಬಂದವರಿಗೆ ಕೊಟ್ಟ ರಕ್ಷಣೆಯನ್ನು ಮುರಿದರೆ ಕೇಡು ತಪ್ಪದೆಂಬ ನಂಬಿಕೆಯೂ ಅದೇ ಹಳ್ಳಿಯದು, ಆ ರಕ್ಷಣೆಯನ್ನು ಹಿಂತೆಗೆಯುವ ಮಾತನ್ನು ಕಟ್ಟಿದವಳೇ ಬಾಯಿಬಿಟ್ಟು ಹೇಳಬೇಕು. ಅವಳ ಬಾಯಿಂದ ಆ ಮಾತು ಹೊರಡಿಸಲು ಗಂಡನ ಕೈಗೆ ಚಾಟಿ ಕೊಟ್ಟು ಊರ ನಡುವೆ ಹೊಡೆಸುತ್ತಾರೆ. ಅವಳು ಹೇಳುವುದಿಲ್ಲ. ಒಂದು ಸಂಪ್ರದಾಯವನ್ನು ಎದುರಿಸಲು ಅವಳು ಎತ್ತಿಕೊಂಡದ್ದು ಅದೇ ನೆಲದ ಇನ್ನೊಂದು ಸಂಪ್ರದಾಯವನ್ನು. ಹೊರಗಿನ ಜಗತ್ತೂ ಇಲ್ಲಿ ಇಲ್ಲದೆ ಇಲ್ಲ. ಹೆಂಗಸರ ರೇಡಿಯೊಗಳನ್ನು ಕಿತ್ತು ಮಸೀದಿಯ ಮುಂದೆ ರಾಶಿ ಹಾಕಿ ಸುಡುವುದು ಅದರ ಹೆದರಿಕೆಯಿಂದಲೇ. ಇದನ್ನು ಬಿಡಿಸಿಕೊಂಡ ಮೇಲೆ ‘ಅನಾಗರಿಕ’ ಎಂಬ ಮಾತು ಸಭೆಯಲ್ಲಿ ಮತ್ತೆ ಕೇಳಲಿಲ್ಲ. ಇದರ ಜೋಡಿಯಾಗಿ ಸೆಂಬೆನ್ ಅವರದೇ 1966ರ ‘ಬ್ಲ್ಯಾಕ್ ಗರ್ಲ್’ ತೋರಿಸಿದರು. ಡಕಾರಿನಿಂದ ಫ್ರಾನ್ಸಿಗೆ ಮನೆಗೆಲಸಕ್ಕೆ ಹೋದ ಹುಡುಗಿಯ ಕಥೆ ಅದು, ನಾಗರಿಕತೆಯ ಬಗ್ಗೆ ಉಳಿದಿದ್ದ ಹಮ್ಮನ್ನು ಅದೇ ನೋಡಿಕೊಂಡಿತು.

ಸೆಂಬೆನ್ ಮೊದಲು ಮಾರ್ಸೇಲ್ ಬಂದರಿನಲ್ಲಿ ಕೂಲಿಯಾಗಿದ್ದವರು, ಆಮೇಲೆ ಕಾದಂಬರಿಕಾರರಾದವರು. ತಮ್ಮ ಪುಸ್ತಕ ಓದಲಾರದ ತಮ್ಮ ಜನರನ್ನು ಮುಟ್ಟಬೇಕೆಂದೇ ಸಿನಿಮಾಕ್ಕೆ ಬಂದವರು. ಕನ್ನಡದವರಿಗೆ ಇದರಲ್ಲಿ ಹೆಗ್ಗೋಡಿನ ನೆನಪಾಗದಿರದು. 1970ರ ದಶಕದಿಂದ ಕೆ.ವಿ. ಸುಬ್ಬಣ್ಣನವರು ನೀನಾಸಂ ಮೂಲಕ ಜಗತ್ತಿನ ಹೆಸರಾಂತ ಚಿತ್ರಗಳನ್ನು ಹಳ್ಳಿಯವರ ಮುಂದಿಟ್ಟು, ಕನ್ನಡದಲ್ಲಿ ಪರಿಚಯಿಸಿ, ಮಾತಿಗೆ ಎಳೆದರು. ಬೆಂಗಳೂರಿನ ಸುಚಿತ್ರ ಫಿಲಂ ಸೊಸೈಟಿ 1971ರಿಂದ ಇದೆ. ಮೈಸೂರಿನ ಈ ಬಳಗ ಆ ದಾರಿಯಲ್ಲೇ ನಡೆಯುತ್ತಿರುವುದರಿಂದ ಅದನ್ನು ಆ ಅಳತೆಯಲ್ಲೇ ಅಳೆಯಬೇಕು, ಮತ್ತು ಅಲ್ಲಿ ಕೆಲವು ಕೊರತೆಗಳು ಎದ್ದು ಕಾಣುತ್ತವೆ.

ಮುಖ್ಯವಾದ ಕೊರತೆ ಸಬ್‌ಟೈಟಲ್ಲಿನದು. ಎಲ್ಲ ಚಿತ್ರಗಳಿಗೂ ಇಂಗ್ಲಿಷ್ ಸಬ್‌ಟೈಟಲ್ ಮಾತ್ರ ಇರುತ್ತದೆ. ‘ಎ ಸೆಪರೇಶನ್’ನಲ್ಲಿ ನ್ಯಾಯಾಧೀಶರ ಮೇಜಿನ ಮುಂದೆ ಎರಡೂ ಕಡೆಯವರು ಏಕಕಾಲಕ್ಕೆ ಕೂಗಾಡುವಾಗ ಇಂಗ್ಲಿಷನ್ನು ಸರಾಗವಾಗಿ ಓದಬಲ್ಲವರಿಗೇ ಉಸಿರು ಕಟ್ಟುತ್ತದೆ, ಕನ್ನಡ ಮಾತ್ರ ಓದುವವರು ಮುಖ ನೋಡಿಕೊಂಡು ಕೂರಬೇಕು. ಅಂಥವರು ಸಭೆಯಲ್ಲಿ ಇದ್ದಾರೆ, ಮತ್ತು ಅವರೇ ಹೆಚ್ಚಿನ ಸಲ ಇತರರು ಗಮನಿಸದ ನಡೆನುಡಿಗಳನ್ನು ಗಮನಿಸಿರುತ್ತಾರೆ. ಆದರೆ ಅದು ಅವರ ಜಾಣತನವೇ ಹೊರತು ಬಳಗದ ಹೆಗ್ಗಳಿಕೆಯಲ್ಲ. ಸಬ್‌ಟೈಟಲ್ ಕಡತವನ್ನು ಕನ್ನಡಕ್ಕೆ ತಂದು ಪರದೆಯ ಮೇಲೆ ಹಾಕುವುದು ಈಗ ದುಸ್ತರವಾದ ಕೆಲಸವಲ್ಲ. ತಿಂಗಳಿಗೊಂದು ಚಿತ್ರ ಎಂದಾಗ ಇಬ್ಬರು ಮೂವರು ಸದಸ್ಯರು ಕೂತರೆ ಮುಗಿಯುತ್ತದೆ. ಅದರ ಮೇಲೆ ಪರದೆ ತೀರ ಕೆಳಗಿರುವುದರಿಂದ ಮೂರನೆಯ ಸಾಲಿನಿಂದ ಹಿಂದೆ ಕುಳಿತವರಿಗೆ ಅಕ್ಷರಗಳ ಬದಲು ಮುಂದಿನವರ ತಲೆ ಕಾಣುತ್ತದೆ. ಎರಡೂಕಾಲು ಗಂಟೆಯ ‘ಟೋಕಿಯೊ ಸ್ಟೋರಿ’ಯಂಥ ಚಿತ್ರವಿದ್ದ ದಿನ ಸಭಾಂಗಣ ಬಿಟ್ಟುಕೊಡುವ ಹೊತ್ತು ಬಂದು ಮಾತು ಮೆಟ್ಟಿಲ ಮೇಲೆ ಮುಂದುವರಿಯಬೇಕಾಗುತ್ತದೆ. ಎಲ್ಲ ಸಭೆಗಳಂತೆ ಇಲ್ಲಿಯೂ ಮೈಕು ಸಿಕ್ಕರೆ ಬಿಡದ ಒಂದಿಬ್ಬರು ಮಹನೀಯರಿದ್ದಾರೆ. ಅವರಿಗೆ ಚಿತ್ರ ಯಾವುದಾದರೂ ಭಾಷಣ ಒಂದೇ.

ಆಯ್ಕೆಯ ಬಗ್ಗೆಯೂ ತಕರಾರಿದೆ. ಇರಾನು, ಜಪಾನು, ಫ್ರಾನ್ಸು, ಇಟಲಿ ಎಂದು ಚಿತ್ರೋತ್ಸವಗಳಲ್ಲಿ ಈಗಾಗಲೇ ಹೆಸರು ಮಾಡಿದ ದೇಶಗಳೇ ಮತ್ತೆ ಮತ್ತೆ ಬರುತ್ತವೆ. ನೆರೆಯ ಶ್ರೀಲಂಕಾ, ಬಾಂಗ್ಲಾದೇಶ, ನೇಪಾಳಗಳ ಒಂದು ಚಿತ್ರವನ್ನೂ ನಾನು ಅಲ್ಲಿ ನೋಡಿಲ್ಲ. ಲ್ಯಾಟಿನ್ ಅಮೆರಿಕ ಇಡಿಯಾಗಿ ಬಿಟ್ಟುಹೋಗಿದೆ. ಇನ್ನೊಂದು, ಮೈಸೂರಿನ ವಿದ್ಯಾಸಂಸ್ಥೆಗಳಲ್ಲಿ ಓದಲು ಬಂದಿರುವ ಹೊರದೇಶದ ವಿದ್ಯಾರ್ಥಿಗಳು ಕಡಿಮೆಯೇನಿಲ್ಲ. ತಮ್ಮ ದೇಶದ ಚಿತ್ರವಿದ್ದ ದಿನ ಅವರಲ್ಲಿ ಒಬ್ಬರನ್ನಾದರೂ ಕರೆದು ಕೂರಿಸಿದರೆ ನಾವು ಊಹಿಸಿ ಹೇಳುವ ಎಷ್ಟೋ ಸಂಗತಿಗಳಿಗೆ ಅಲ್ಲೇ ತಿದ್ದುಪಡಿ ಸಿಕ್ಕೀತು. ಒಬ್ಬರ ಮಾತನ್ನೇ ದೇಶದ ಮಾತೆಂದು ತಿಳಿಯದಂತೆ ನೋಡಿಕೊಳ್ಳುವ ಕೌಶಲ ಮೇಡಂ ಅವರಿಗೆ ಖಂಡಿತ ಇದೆ.

ಇವೇ ಚಿತ್ರಗಳಲ್ಲಿ ಹಲವು ಒಂದಲ್ಲ ಒಂದು ಒಟಿಟಿಯಲ್ಲಿ ಸಿಗುವಾಗ ಇಷ್ಟು ದೂರ ಬರುವುದೇಕೆ ಎಂದು ಕೇಳುವವರಿದ್ದಾರೆ. ಬೆಂಗಳೂರಿನ ಅಂತರರಾಷ್ಟ್ರೀಯ ಚಿತ್ರೋತ್ಸವಕ್ಕೆ ಹೋದರೆ ಒಂದೇ ವಾರದಲ್ಲಿ ಹತ್ತಾರು ದೇಶ ಸುತ್ತಿ ಬರಬಹುದಲ್ಲ ಎನ್ನುವವರೂ ಇದ್ದಾರೆ. ಎರಡೂ ನಿಜ. ಚಿತ್ರಗಳ ಪರಿಚಯ ಬೇಕಾದವರಿಗೆ ಉತ್ಸವವೇ ಸರಿ, ಅಲ್ಲಿನ ವೈವಿಧ್ಯಕ್ಕೆ ಈ ಬಳಗ ಸಮನಲ್ಲ. ಆದರೆ ದಿನಕ್ಕೆ ನಾಲ್ಕು ಚಿತ್ರ ನೋಡುವವರು ಒಂದರಿಂದ ಇನ್ನೊಂದಕ್ಕೆ ಓಡುವ ನಡುವೆ ರಜಿಯೆಯ ಫೋನಿನ ಬಗ್ಗೆ ಯಾರೊಂದಿಗೆ ಮಾತಾಡಬೇಕು?

ಸದಸ್ಯತ್ವ ವರ್ಷಕ್ಕೆ 1,200 ರೂಪಾಯಿ, ವಿದ್ಯಾರ್ಥಿಗಳಿಗೆ 500. ಕಾಫಿಯೂ ಟಿಪ್ಪಣಿಯೂ ಇದರಲ್ಲೇ ಸೇರಿವೆ. ಸಿನಿಮಾ ಮುಗಿದ ಕೂಡಲೇ ಹೊರಟುಬಿಡುವ ಅಭ್ಯಾಸವಿರುವವರಿಗೆ ಇದು ದುಬಾರಿ. ಸಿನಿಮಾ ಕಲೆಯ ತಾಂತ್ರಿಕ ಪಾಠ, ಎಂದರೆ ಕ್ಯಾಮೆರಾ, ಸಂಕಲನ, ಧ್ವನಿಗಳ ವಿಶ್ಲೇಷಣೆ ಬೇಕಾದವರಿಗೂ ಇಲ್ಲಿ ತೃಪ್ತಿಯಾಗದು. ಓಜು ಅವರ ಕ್ಯಾಮೆರಾ ಚಾಪೆಯ ಮೇಲೆ ಕುಳಿತವರ ಕಣ್ಣಿಗಿಂತಲೂ ಕೆಳಗಿರುತ್ತದೆ ಎಂಬುದನ್ನು ಒಂದು ವಾಕ್ಯದಲ್ಲಿ ಹೇಳಿ ಮುಂದೆ ಹೋದರು, ನನಗೆ ಅದು ಸಾಲದೆನಿಸಿತು. ಬೇರೆ ಜನ ಹೇಗೆ ಬದುಕುತ್ತಾರೆ, ಯಾವುದಕ್ಕೆ ಹೆದರುತ್ತಾರೆ, ಯಾರ ಮಾತು ಕೇಳುತ್ತಾರೆ ಎಂಬ ಕುತೂಹಲವಿರುವವರು, ತಮ್ಮ ಮೊದಲ ಅನಿಸಿಕೆಯನ್ನು ನಾಲ್ಕು ಜನರ ಮುಂದೆ ಪ್ರಶ್ನಿಸಿಕೊಳ್ಳಲು ಬೇಸರವಿಲ್ಲದವರು ಸೇರಬಹುದು. ಹೊಸ ಸದಸ್ಯರನ್ನು ಜೂನ್‌ನಲ್ಲಿ ತೆಗೆದುಕೊಳ್ಳುತ್ತಾರೆ. ಹೋದವರು ಮೊದಲೆರಡು ಸಾಲಿನಲ್ಲೇ ಜಾಗ ಹಿಡಿಯುವುದು ಒಳ್ಳೆಯದು, ಪರದೆಯನ್ನು ಮೇಲೆತ್ತುವ ಬಗ್ಗೆ ಬಳಗದವರು ಇನ್ನೂ ಯೋಚಿಸುತ್ತಲೇ ಇದ್ದಾರೆ.